ನಾಯಿ ಬೆಕ್ಕುಗಳ ಮೈ ಬಾಚಿರಿ. ಬೆಳೆಯ ಎಣ್ಣೆ ಹಚ್ಚಬೇಡಿರಿ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳಲ್ಲಿ ತೊಗರಿ ಹೂ ಬಿಡುವ ಕಾಲಕ್ಕೆ ನಾವು ಹಳ್ಳಿಗಳಿಗೆ ಹೋಗಿ ರೈತರ ಸಭೆ ನಡೆಸುವುದುಂಟು. ಕಾಯಿಕೊರಕ ಹುಳುವನ್ನು ಗುರುತಿಸುವುದು ಹೇಗೆ, ಯಾವಾಗ ಸಿಂಪಡಿಸಬೇಕು, ಎಷ್ಟು ನೀರಿಗೆ ಎಷ್ಟು ಔಷಧಿ ಎಂಬುದನ್ನು ಅಲ್ಲಿ ತಿಳಿಸುತ್ತೇವೆ. ಕೆಲವು ವರ್ಷಗಳ ಹಿಂದೆ ಬಸವಕಲ್ಯಾಣ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥದೇ ಸಭೆ ಮುಗಿಸಿ ಜೀಪು ಹತ್ತುವಾಗ ವಯಸ್ಸಾದ ರೈತರೊಬ್ಬರು ಹತ್ತಿರ ಬಂದು ನಿಂತರು.

"ಸಾಹೇಬ್ರ, ಹ್ವಾದ ವರ್ಷ ನೀವೇ ಹೇಳಿದ್ರಿ, ಈ ಎಣ್ಣಿ ಎಲ್ಲಾ ನಮೂನಿ ಹುಳಕ್ಕ ಆಗ್ತದ ಅಂತ. ಉಣ್ಣಿನೂ ಹುಳನೇ ಅಲ್ಲೇನ್ರಿ?" ಎಂದು ಅವರು ಕೇಳಿದರು.

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುವುದು ಎಲ್ಲರಿಗೂ ತಿಳಿದದ್ದೇ. ಅವರ ಹೊಲ ಕಾಯುವ ನಾಯಿಗೆ ಮಳೆಗಾಲದಲ್ಲಿ ಉಣ್ಣಿ ಹತ್ತಿದ್ದವು. ತೊಗರಿಗೆ ಹೊಡೆದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ, ಸಂಜೆ ಹೊತ್ತಿನಲ್ಲಿ ಅದರ ಮೈಗೆಲ್ಲ ಸವರಿದ್ದರು. ರಾತ್ರಿ ನಾಯಿಯ ಬಾಯಲ್ಲಿ ಜೊಲ್ಲು ನೊರೆ ಕಟ್ಟಿತು, ಕಾಲು ನಡುಗಿದವು, ನಸುಕಿನೊಳಗೆ ಅದು ಸತ್ತಿತು. ನಾಯಿಯ ಪಕ್ಕದಲ್ಲೇ ಗೋಣಿತಟ್ಟಿನ ಮೇಲೆ ಮಲಗುತ್ತಿದ್ದ ಮನೆಯ ಬೆಕ್ಕೂ ಮರುದಿನ ಸತ್ತಿತು. ರೈತರ ಮಾತಿನಲ್ಲಿ ಸಿಟ್ಟಿರಲಿಲ್ಲ, ಕಾರಣ ತಿಳಿಯಬೇಕೆಂಬ ಹಂಬಲ ಮಾತ್ರ ಇತ್ತು. ಎಲ್ಲ ಬಗೆಯ ಹುಳುಗಳಿಗೆ ಆಗುತ್ತದೆ ಎಂದು ನಾನು ಹೇಳಿದ್ದು ನಿಜ. ಬೆಳೆಗೆ ಮಾತ್ರ, ಪ್ರಾಣಿಯ ಮೈಗಲ್ಲ ಎಂಬ ಇನ್ನೊಂದು ಮಾತನ್ನು ಅಂದು ಹೇಳಿರಲಿಲ್ಲ.

ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಅಂದಿನಿಂದ ಆ ಮಾತನ್ನು ಪ್ರತಿ ಸಭೆಯಲ್ಲಿ ಸೇರಿಸುತ್ತ ಬಂದಿದ್ದೇನೆ. ಉಣ್ಣಿಗೆ ಎಣ್ಣೆ ಬೇಡವೆಂದ ಮೇಲೆ ಏನು ಮಾಡಬೇಕೆಂದು ರೈತರು ಕೇಳುವುದು ಸಹಜ. ಪಶುವೈದ್ಯ ಮಿತ್ರರನ್ನು ವಿಚಾರಿಸಿದಾಗ ಅವರು ಹೇಳಿದ ಮೊದಲ ಉಪಾಯ ಬಹಳ ಸರಳವಾದದ್ದು: ವಾರಕ್ಕೊಮ್ಮೆಯಾದರೂ ನಾಯಿ ಬೆಕ್ಕುಗಳ ಮೈ ಬಾಚಿ, ಉದುರಿದ ಕೂದಲನ್ನು ತೆಗೆಯಿರಿ. ಆ ಕೆಲಸದ ವಿವರವನ್ನು ಈ ಲೇಖನದಲ್ಲಿ ಕೊಟ್ಟಿದೆ.

ಎತ್ತಿಗೆ ಇದ್ದ ಉಪಚಾರ ಇವಕ್ಕೂ ಇರಲಿ

ಮೈ ತಿಕ್ಕುವ ಕೆಲಸ ನಮ್ಮ ರೈತರಿಗೆ ಹೊಸದಲ್ಲ. ಬೀದರ ಸೀಮೆ ದೇವಣಿ ದನಗಳ ನಾಡು. ಹುಮನಾಬಾದ ತಾಲೂಕಿನ ಹಳ್ಳಿಖೇಡ (ಬಿ)ಯಲ್ಲಿ ಈ ತಳಿಗಾಗಿಯೇ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಕಾರ ಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ತೆಂಗಿನ ನಾರಿನಿಂದ ತಿಕ್ಕಿ, ಕೊಂಬಿಗೆ ಬಣ್ಣ ಹಚ್ಚದ ಮನೆ ಸಿಗುವುದು ಅಪರೂಪ. ಕುದುರೆ ಸಾಕಿದವರ ಮನೆಯಲ್ಲಿ ಖರಾರಾ ಎಂಬ ಹಲ್ಲಿನ ಹಣಿಗೆ ಇರುತ್ತಿತ್ತು. ಮೈ ತಿಕ್ಕಿದ ಎತ್ತು ಚುರುಕಾಗಿ ದುಡಿಯುತ್ತದೆಂದು ಹಿರಿಯರು ಹೇಳುತ್ತಾರೆ. ತಿಕ್ಕುವಾಗ ಗಾಯ, ಬಾವು, ಉಣ್ಣಿ ಎಲ್ಲವೂ ಕೈಗೆ ಸಿಗುವುದರಿಂದ ಆ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಉಪಚಾರ ನಾಯಿ ಬೆಕ್ಕುಗಳಿಗೆ ಮಾತ್ರ ತಲುಪಿಲ್ಲ. ಆದರೆ ಅವು ಮಾಡುವ ಕೆಲಸವನ್ನು ನೋಡಿರಿ. ಜೋಳ ಹಾಲುಗಾಳಾದಾಗ ಹಂದಿ ಬಾರದಂತೆ ರಾತ್ರಿಯಿಡೀ ಹೊಲ ಕಾಯುವುದು ನಾಯಿ. ತೊಗರಿ, ಉದ್ದು, ಹೆಸರು, ಸೋಯಾ ಅವರೆಯ ಚೀಲಗಳನ್ನು ಇಲಿಗಳಿಂದ ಕಾಯುವುದು ಬೆಕ್ಕು. ದುಡಿಯುವ ಪ್ರಾಣಿಗಳೆಂದ ಮೇಲೆ ಅವುಗಳ ಮೈಯನ್ನೂ ವಾರಕ್ಕೊಮ್ಮೆ ನೋಡುವುದು ಒಳ್ಳೆಯ ಬೇಸಾಯದ ಒಂದು ಭಾಗವೇ ಆಗಿದೆ.

ಕೂದಲು ಏಕೆ ಉದುರುತ್ತದೆ?

ಪ್ರತಿಯೊಂದು ಕೂದಲಿಗೂ ಆಯುಷ್ಯವಿದೆ. ಅದು ಕೆಲವು ಕಾಲ ಬೆಳೆಯುತ್ತದೆ, ಆಮೇಲೆ ಬೆಳವಣಿಗೆ ನಿಂತು ವಿಶ್ರಾಂತಿಗೆ ಬರುತ್ತದೆ, ಕೊನೆಗೆ ಬುಡ ಸಡಿಲವಾಗಿ ಬೀಳುತ್ತದೆ. ಅದೇ ಕುಳಿಯಿಂದ ಹೊಸ ಕೂದಲು ಮೇಲೇಳುತ್ತದೆ. ಹಳೆಯ ಎಲೆ ಉದುರಿ ಚಿಗುರು ಬಂದಂತೆ ಇದು ನಡೆಯುತ್ತದೆ. ಹಗಲಿನ ಉದ್ದವೂ ಹವೆಯ ಉಷ್ಣತೆಯೂ ಈ ಕ್ರಮವನ್ನು ನಡೆಸುವ ಮುಖ್ಯ ಕಾರಣಗಳು. ಚಳಿ ಹೆಚ್ಚಾಗಿರುವ ದೇಶಗಳಲ್ಲಿ ವರ್ಷಕ್ಕೆ ಎರಡು ಸಲ ನಾಯಿಗಳು ರಾಶಿ ರಾಶಿ ಕೂದಲು ಬಿಡುತ್ತವೆ. ನಮ್ಮಲ್ಲಿ ಹಗಲಿನ ಉದ್ದದಲ್ಲಿ ಅಷ್ಟು ಅಂತರವಿಲ್ಲದಿರುವುದರಿಂದ ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುವುದೇ ಹೆಚ್ಚು. ಆದರೂ ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹಿಂದೆಗೆಯುವ ಹೊತ್ತಿನಲ್ಲಿ ಮತ್ತು ಮಳೆಗಾಲ ಮುಗಿದು ಚಳಿ ಹಿಡಿಯುವ ಮುನ್ನ ಉದುರುವಿಕೆ ಏರುವುದನ್ನು ಕಾಣಬಹುದು.

ಹಲವು ನಾಯಿಗಳಿಗೆ ಎರಡು ಪದರ ಕೂದಲಿರುತ್ತದೆ. ಹೊರಗಿನದು ಒರಟು ಕೂದಲು, ಒಳಗಿನದು ಮೆತ್ತನೆಯ ತುಪ್ಪುಳ. ಒಳಗಿನ ತುಪ್ಪುಳ ಸಡಿಲವಾದರೂ ಹೊರಗಿನ ಕೂದಲಿನಲ್ಲಿ ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲಿ ಅದು ನೆನೆದು, ಕೆಸರು ಹಿಡಿದು ಗಂಟು ಕಟ್ಟುತ್ತದೆ. ಗಂಟಿನ ಕೆಳಗೆ ಗಾಳಿ ಆಡದೆ ಚರ್ಮ ಹಸಿಯಾಗಿ ಹುಣ್ಣಾಗುತ್ತದೆ. ಅಂಥ ಹುಣ್ಣಿಗೆ ನೊಣ ಕುಳಿತು ಹುಳ ಬೀಳುವುದು ಹಳ್ಳಿಯಲ್ಲಿ ಎಲ್ಲರೂ ಕಂಡ ಸಂಗತಿ. ಗಂಟು, ಬೆಚ್ಚಗಿನ ಸಂದು, ಕತ್ತಲೆ ಇದ್ದಲ್ಲಿ ಉಣ್ಣಿ ಚಿಗಟಗಳಿಗೂ ಅಡಗುದಾಣ ಸಿಕ್ಕಂತಾಗುತ್ತದೆ.

ಬೆಕ್ಕಿನ ನಾಲಿಗೆ

ಬೆಕ್ಕು ತನ್ನ ಮೈಯನ್ನು ತಾನೇ ಬಾಚಿಕೊಳ್ಳುತ್ತದೆ. ಅದರ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಚಿಕ್ಕ ಚಿಕ್ಕ ಮುಳ್ಳುಗಳಿವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ವಿಜ್ಞಾನಿಗಳು ೨೦೧೮ರಲ್ಲಿ ಇವುಗಳ ರಚನೆಯನ್ನು ವಿವರಿಸಿದರು. ಪ್ರತಿ ಮುಳ್ಳಿನ ತುದಿಯೂ ಟೊಳ್ಳಾಗಿದ್ದು, ಬತ್ತಿ ಎಣ್ಣೆ ಹೀರಿದಂತೆ ಜೊಲ್ಲನ್ನು ಹೀರಿಕೊಂಡು, ಅದನ್ನು ಕೂದಲಿನ ಬುಡದವರೆಗೆ ಒಯ್ಯುತ್ತದೆ. ಆ ಜೊಲ್ಲು ಆರುವಾಗ ಬೆಕ್ಕಿನ ಮೈ ತಂಪಾಗುತ್ತದೆ.

ಆದರೆ ಮುಳ್ಳು ಗಂಟಲಿನ ಕಡೆ ಬಾಗಿರುವುದರಿಂದ ನಾಲಿಗೆಗೆ ಸಿಕ್ಕ ಕೂದಲನ್ನು ಬೆಕ್ಕು ಉಗುಳಲಾರದು, ನುಂಗುತ್ತದೆ. ಕೂದಲು ಹೊಟ್ಟೆಯಲ್ಲಿ ಕರಗುವ ಪದಾರ್ಥವಲ್ಲ. ಬಹುಪಾಲು ಮಲದೊಡನೆ ಹೊರಹೋಗುತ್ತದೆ. ಉಳಿದದ್ದು ಜಠರದಲ್ಲಿ ಉಂಡೆ ಕಟ್ಟಿದಾಗ ಬೆಕ್ಕು ಕೆಮ್ಮಿ ಕೆಮ್ಮಿ ಅದನ್ನು ಕಕ್ಕುತ್ತದೆ. ಕಕ್ಕಲಾಗದ ಉಂಡೆ ಕರುಳಿಗೆ ಇಳಿದು ಅಡ್ಡಲಾದರೆ ಪ್ರಾಣಕ್ಕೆ ಅಪಾಯ. ಎರಡು ದಿನ ಅನ್ನ ಮುಟ್ಟದೆ ಪದೇ ಪದೇ ವಾಂತಿಗೆ ತವಕಿಸುವ ಬೆಕ್ಕನ್ನು ವೈದ್ಯರಿಗೆ ತೋರಿಸತಕ್ಕದ್ದು. ನಾವು ಬಾಚಿ ತೆಗೆದಷ್ಟು ಕೂದಲು ಅದರ ಹೊಟ್ಟೆಗೆ ಹೋಗುವುದು ತಪ್ಪಿತು ಎಂದೇ ಲೆಕ್ಕ.

ಇದರಿಂದ ಇನ್ನೊಂದು ಪಾಠವೂ ಇದೆ. ಬೆಕ್ಕಿನ ಮೈಮೇಲೆ ಬಿದ್ದದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಮೇಲೆ ಹೇಳಿದ ರೈತರ ಬೆಕ್ಕಿಗೆ ಯಾರೂ ಎಣ್ಣೆ ಹಚ್ಚಿರಲಿಲ್ಲ. ನಾಯಿಯ ಪಕ್ಕ ಮಲಗಿದಾಗ ತನ್ನ ಮೈಗೆ ಹತ್ತಿದ್ದನ್ನು ಅದು ನೆಕ್ಕಿಕೊಂಡಿರಬೇಕು.

ಬೇಕಾಗುವ ಸಾಮಾನು

ಪೇಟೆಯಲ್ಲಿ ಬಗೆ ಬಗೆಯ ಬ್ರಷ್‌ಗಳು ದೊರೆಯುತ್ತವೆ. ಆದರೆ ಮನೆಯಲ್ಲಿದ್ದ ಸಾಮಾನಿನಿಂದಲೂ ಕೆಲಸ ಸಾಗುತ್ತದೆ.

೧. ಅಗಲ ಹಲ್ಲಿನ ಹಣಿಗೆ ಒಂದು. ಹಲ್ಲಿನ ತುದಿ ಮೊಂಡಾಗಿರಬೇಕು. ಮುರಿದ ಹಲ್ಲಿನ ಹಣಿಗೆ ಚರ್ಮವನ್ನು ಗೀರುವುದರಿಂದ ಅದು ಬೇಡ.

೨. ಹೇನು ತೆಗೆಯುವ ಸಣ್ಣ ಹಲ್ಲಿನ ಸೀರಣಿಗೆ ಒಂದು. ಚಿಗಟ ಮತ್ತು ಸಣ್ಣ ಉಣ್ಣಿಗಳನ್ನು ಹಿಡಿಯಲು ಇದು ಬಲು ಅನುಕೂಲ. ಮನುಷ್ಯರು ಬಳಸುವ ಹಣಿಗೆಯನ್ನು ಪ್ರಾಣಿಗೆ, ಪ್ರಾಣಿಯದನ್ನು ಮನುಷ್ಯರಿಗೆ ಬಳಸಕೂಡದು.

೩. ಗಿಡ್ಡ ಕೂದಲಿನ ನಾಟಿ ನಾಯಿಗೆ ತೆಂಗಿನ ನಾರಿನ ಮೆತ್ತನೆಯ ಉಂಡೆ ಅಥವಾ ರಬ್ಬರಿನ ಕೈಚೀಲ. ಕೈಚೀಲವನ್ನು ತುಸು ಒದ್ದೆ ಮಾಡಿ ಸವರಿದರೆ ಸಡಿಲ ಕೂದಲು ಅದಕ್ಕೆ ಅಂಟಿಕೊಂಡು ಬರುತ್ತದೆ.

೪. ಉಣ್ಣಿ ಕೀಳಲು ಸಣ್ಣ ಚಿಮುಟ, ಮತ್ತು ಸೋಪಿನ ನೀರು ತುಂಬಿದ ಒಂದು ಬಟ್ಟಲು.

ನಾಯಿಯನ್ನು ಬಾಚುವ ಕ್ರಮ

ಗಿಡ್ಡ ಕೂದಲಿನ ನಾಯಿಗೆ ವಾರಕ್ಕೊಮ್ಮೆ ಬಾಚಿದರೆ ಸಾಕು. ಮುಧೋಳ ತಳಿಯಂಥ ಬೇಟೆನಾಯಿಗಳ ಕೂದಲು ಅತಿ ಗಿಡ್ಡವಾಗಿರುವುದರಿಂದ ಅವಕ್ಕೆ ಕೈಚೀಲದ ಸವರುವಿಕೆಯೇ ಆದೀತು. ಪಾಮೇರಿಯನ್‌ನಂಥ ಉದ್ದ ಕೂದಲಿನ ನಾಯಿಗಳನ್ನು ದಿನ ಬಿಟ್ಟು ದಿನ ಬಾಚಬೇಕು. ಕೂದಲು ಹೆಚ್ಚು ಉದುರುವ ಕಾಲದಲ್ಲಿ ದಿನವೂ ಬಾಚುವುದು ಮೇಲು.

ಮನೆಯ ಹೊರಗೆ, ನೆರಳಿನಲ್ಲಿ, ಗಾಳಿ ಬೀಸುವ ಕಡೆಗೆ ನೀವು ಬೆನ್ನು ಮಾಡಿ ಕುಳಿತು ಬಾಚಿರಿ. ಮೊದಲು ಬರಿಗೈಯಿಂದ ನಾಯಿಯ ಮೈಯೆಲ್ಲ ತಡವಿರಿ. ಗಾಯ, ಗಂಟು, ಮುಳ್ಳು ಎಲ್ಲಿವೆ ಎಂದು ಇದರಿಂದ ಗೊತ್ತಾಗುತ್ತದೆ. ಬಳಿಕ ಕತ್ತಿನಿಂದ ಬಾಲದ ಕಡೆಗೆ, ಕೂದಲು ಒರಗಿದ ದಿಕ್ಕಿನಲ್ಲೇ ಹಣಿಗೆ ಎಳೆಯಿರಿ. ಬೆನ್ನಾದ ಮೇಲೆ ಪಕ್ಕೆ, ಎದೆ, ತೊಡೆಗೆ ಬನ್ನಿರಿ. ಹೊಟ್ಟೆಯ ಭಾಗದಲ್ಲಿ ಕೈ ಹಗುರವಾಗಿರಲಿ. ಕೊನೆಗೆ ಕಿವಿಯ ಹಿಂದೆ ಮತ್ತು ಒಳಗೆ, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ತೊಡೆಸಂದು, ಬಾಲದ ಬುಡ ಮತ್ತು ಕಾಲ್ಬೆರಳುಗಳ ನಡುವೆ ತಪ್ಪದೆ ನೋಡಿರಿ. ಉಣ್ಣಿಗಳು ಹೆಚ್ಚಾಗಿ ಕೂತಿರುವುದು ಈ ಜಾಗಗಳಲ್ಲೇ.

ಕೂದಲು ಗಂಟು ಕಟ್ಟಿದ್ದರೆ ಜಗ್ಗಬಾರದು. ಬುಡದಲ್ಲಿ ಕೂದಲನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ತುದಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಕತ್ತರಿ ಹಾಕಲೇಬೇಕಾದರೆ ಗಂಟಿನ ಕೆಳಗೆ ಹಣಿಗೆ ತೂರಿಸಿ, ಹಣಿಗೆಯ ಮೇಲ್ಭಾಗದಲ್ಲೇ ಕತ್ತರಿಸಬೇಕು. ಗಂಟಿನೊಡನೆ ಚರ್ಮವನ್ನೂ ಕತ್ತರಿಸಿಬಿಡುವುದು ಹೀಗೆ ತಪ್ಪುತ್ತದೆ. ಸ್ನಾನ ಮಾಡಿಸುವುದಿದ್ದರೆ ಅದಕ್ಕೆ ಮೊದಲೇ ಬಾಚಿರಿ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಬಟ್ಟೆ ಒಗೆಯುವ ಸೋಪು ಹಚ್ಚಬೇಡಿರಿ.

ಬೇಸಿಗೆಯಲ್ಲಿ ಸೆಕೆಯಾದೀತೆಂದು ಕೆಲವರು ನಾಯಿಯ ಕೂದಲನ್ನು ಬುಡದವರೆಗೆ ಬೋಳಿಸುತ್ತಾರೆ. ಇದು ಸರಿಯಲ್ಲ. ಕೂದಲಿನ ಪದರ ಚಳಿಯನ್ನು ತಡೆಯುವಂತೆ ಬಿಸಿಲಿನ ಝಳವನ್ನೂ ತಡೆಯುತ್ತದೆ. ಹೊಲದಲ್ಲಿ ಮುಚ್ಚಿಗೆ ಹಾಸಿದಾಗ ಮಣ್ಣು ತಂಪಾಗಿರುವುದಿಲ್ಲವೇ, ಹಾಗೆಯೇ ಇದು. ಸತ್ತ ತುಪ್ಪುಳವನ್ನು ಬಾಚಿ ತೆಗೆದರೆ ಗಾಳಿ ಆಡುತ್ತದೆ, ಅಷ್ಟೇ ಸಾಕು. ನೆರಳು ಮತ್ತು ಕುಡಿಯುವ ನೀರು ಸದಾ ಇರಬೇಕು.

ಬೆಕ್ಕನ್ನು ಬಾಚುವ ಕ್ರಮ

ಬೆಕ್ಕಿನೊಡನೆ ಒತ್ತಾಯ ನಡೆಯದು. ಹೊಟ್ಟೆ ತುಂಬಿ ಸಮಾಧಾನವಾಗಿ ಮಲಗಿದ ಹೊತ್ತನ್ನು ಆರಿಸಿಕೊಳ್ಳಿರಿ. ಮೊದಲು ಹಣಿಗೆಯನ್ನು ಅದಕ್ಕೆ ಮೂಸಲು ಕೊಡಿರಿ. ಕೆನ್ನೆ, ಗದ್ದದ ಕೆಳಗೆ, ಕಿವಿಗಳ ನಡುವೆ ಸವರಿಸಿಕೊಳ್ಳಲು ಬೆಕ್ಕಿಗೆ ಇಷ್ಟ. ಅಲ್ಲಿಂದ ಆರಂಭಿಸಿ ಬೆನ್ನಿಗೆ ಇಳಿಯಿರಿ. ಹೊಟ್ಟೆಯನ್ನು ಮುಟ್ಟಿಸಿಕೊಳ್ಳಲು ಬಹಳ ಬೆಕ್ಕುಗಳು ಒಪ್ಪುವುದಿಲ್ಲ, ಬಿಟ್ಟುಬಿಡಿರಿ. ಬೆಕ್ಕಿನ ಚರ್ಮ ಬಲು ತೆಳುವಾದದ್ದರಿಂದ ಹಣಿಗೆಯ ಹಲ್ಲು ಒತ್ತಬಾರದು. ಬಾಲವನ್ನು ಪಟಪಟನೆ ಬಡಿಯತೊಡಗಿದರೆ ಅಥವಾ ಕಿವಿ ಹಿಂದಕ್ಕೆ ಮಡಿಸಿದರೆ ಸಾಕು ಎಂದು ಅರ್ಥ. ಅಲ್ಲಿಗೇ ನಿಲ್ಲಿಸಿ, ಉಳಿದದ್ದನ್ನು ಮರುದಿನ ಮಾಡಿರಿ. ಒಮ್ಮೆಗೆ ಐದು ನಿಮಿಷ ಸಾಕು. ಮುಪ್ಪಾದ ಬೆಕ್ಕು ಮತ್ತು ಮೈ ಬೆಳೆದ ಬೆಕ್ಕು ಬೆನ್ನಿನ ಹಿಂಭಾಗವನ್ನು ತಾನಾಗಿ ನೆಕ್ಕಿಕೊಳ್ಳಲಾರದು. ಅಂಥವಕ್ಕೆ ನಮ್ಮ ಕೈ ಹೆಚ್ಚು ಅಗತ್ಯ.

ಉಣ್ಣಿ ಕಂಡರೆ ಏನು ಮಾಡಬೇಕು?

ನಾಯಿಗೆ ಹತ್ತುವ ಕಂದು ಉಣ್ಣಿ ತನ್ನ ಬಾಳಿನಲ್ಲಿ ಮೂರು ಸಲ ರಕ್ತ ಕುಡಿಯುತ್ತದೆ. ಮರಿಯಾಗಿ ಒಮ್ಮೆ, ನಡುಪ್ರಾಯದಲ್ಲಿ ಒಮ್ಮೆ, ಬೆಳೆದ ಮೇಲೆ ಒಮ್ಮೆ. ಪ್ರತಿ ಸಲವೂ ಹೊಟ್ಟೆ ತುಂಬಿದೊಡನೆ ನೆಲಕ್ಕೆ ಉದುರುತ್ತದೆ. ಕೊನೆಯ ಸಲ ಉದುರಿದ ಹೆಣ್ಣು ಉಣ್ಣಿ ಗೋಡೆಯ ಬಿರುಕಿನಲ್ಲಿ, ಹಾಸುಗಲ್ಲಿನ ಸಂದಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಕಾಯುವ ಶಕ್ತಿಯೂ ಅದಕ್ಕಿದೆ. ಆದ್ದರಿಂದ ನಾಯಿಯ ಮೈಯಿಂದ ಒಂದು ಹೆಣ್ಣು ಉಣ್ಣಿಯನ್ನು ತುಂಬಿ ಉದುರುವ ಮುನ್ನ ತೆಗೆದರೆ ಮುಂದಿನ ಒಂದು ಪೀಳಿಗೆಯನ್ನೇ ತಡೆದಂತೆ. ಹೂ ಬಿಡುವ ಮುನ್ನ ಕಳೆ ಕೀಳಬೇಕೆಂದು ನಾವು ಹೇಳುವುದೂ ಇದೇ ಕಾರಣಕ್ಕೆ.

ಈ ಉಣ್ಣಿಯಿಂದ ನಾಯಿಗೆ ಎರ್ಲಿಖಿಯಾ, ಬಬೇಸಿಯಾ ಮುಂತಾದ ಜ್ವರಗಳು ಹರಡುತ್ತವೆ. ಜ್ವರ, ಮಂಕು, ಅನ್ನ ಬಿಡುವುದು, ಒಸಡು ಬಿಳಚಿಕೊಳ್ಳುವುದು, ಮೂಗಿನಲ್ಲಿ ರಕ್ತ ಬರುವುದು, ಮೂತ್ರ ಕಪ್ಪಾಗುವುದು ಇವುಗಳ ಲಕ್ಷಣಗಳು. ತಡಮಾಡಿದರೆ ನಾಯಿ ಉಳಿಯದು, ಬೇಗ ತೋರಿಸಿದರೆ ಔಷಧಿ ಇದೆ.

ಉಣ್ಣಿಯನ್ನು ಕೀಳುವಾಗ ಚಿಮುಟದಿಂದ ಚರ್ಮಕ್ಕೆ ಅತಿ ಹತ್ತಿರದಲ್ಲಿ ಅದರ ಬಾಯಿಯ ಭಾಗವನ್ನು ಹಿಡಿದು, ನೆಟ್ಟಗೆ, ನಿಧಾನವಾಗಿ ಎಳೆಯಬೇಕು. ತಿರುಚಬಾರದು. ಕಿತ್ತದ್ದನ್ನು ಸೋಪಿನ ನೀರಿನ ಬಟ್ಟಲಿಗೆ ಹಾಕಬೇಕು. ಉಗುರಿನಿಂದ ಹೊಸಕಬಾರದು, ಅದರೊಳಗಿನ ರೋಗಾಣು ನಮ್ಮ ಕೈಗೆ ತಾಗೀತು. ಬೀಡಿಯ ಬೆಂಕಿ ಇಡುವುದು, ಸೀಮೆಎಣ್ಣೆ ಹಚ್ಚುವುದು ಇವೆರಡೂ ಕೂಡದು. ನಾಯಿ ಮಲಗುವ ಗೋಣಿತಟ್ಟನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿರಿ. ಗೋಡೆಯ ಬಿರುಕುಗಳನ್ನು ಮೆತ್ತಿರಿ.

ಬೆಳೆಯ ಔಷಧಿ ಏಕೆ ಕೂಡದು?

ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್ ಮೊದಲಾದವು ರಂಜಕ ವರ್ಗದ ಕೀಟನಾಶಕಗಳು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸಿದ ರಾಸಾಯನಿಕವನ್ನು ಕೆಲಸವಾದ ಮೇಲೆ ಅಳಿಸಿಹಾಕುವ ಒಂದು ಕಿಣ್ವ ಪ್ರಾಣಿಯ ದೇಹದಲ್ಲಿದೆ. ಈ ವಿಷಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸುದ್ದಿ ನಿಲ್ಲದೆ ಬರುತ್ತಲೇ ಇರುವುದರಿಂದ ಜೊಲ್ಲು ಸುರಿಯುತ್ತದೆ, ಸ್ನಾಯು ನಡುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಭೇದಿಯಾಗುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಹುಳುವಿನಲ್ಲೂ ನಾಯಿಯಲ್ಲೂ ಮನುಷ್ಯನಲ್ಲೂ ಈ ಕಿಣ್ವದ ಕೆಲಸ ಒಂದೇ. ನಾಯಿಯ ಚರ್ಮ ಈ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಚ್ಚುವವರ ಅಂಗೈಯೂ ಹೀರಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಬೆಕ್ಕಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಲವು ವಿಷಗಳನ್ನು ಮುರಿದು ಹೊರಹಾಕುವ ಸಾಮರ್ಥ್ಯ ಅದರ ಯಕೃತ್ತಿಗೆ ಕಡಿಮೆ. ನಾಯಿಗೆ ಸರಿಹೋಗುವ ಪರ್ಮೆಥ್ರಿನ್ ಬೆಕ್ಕಿಗೆ ಮಾರಕ. ನಾಯಿಗೆಂದು ಕೊಟ್ಟ ಉಣ್ಣಿಯ ಔಷಧಿಯನ್ನು ವೈದ್ಯರನ್ನು ಕೇಳದೆ ಬೆಕ್ಕಿಗೆ ಹಾಕಲೇಬಾರದು.

ಈಗಾಗಲೇ ತಪ್ಪಾಗಿದ್ದರೆ ಹೆದರಿ ಕೂರಬೇಡಿರಿ. ಕೈಗೆ ರಬ್ಬರು ಚೀಲ ಹಾಕಿಕೊಂಡು ಸೋಪು ಮತ್ತು ಧಾರಾಳ ನೀರಿನಿಂದ ಪ್ರಾಣಿಯ ಮೈ ತೊಳೆದು, ಅದು ನೆಕ್ಕಿಕೊಳ್ಳದಂತೆ ತಡೆದು, ಔಷಧಿಯ ಡಬ್ಬಿಯೊಡನೆ ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ. ರಂಜಕ ವರ್ಗದ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷವಿದೆ. ಅದನ್ನು ವೈದ್ಯರೇ ಅಳತೆ ನೋಡಿ ಕೊಡಬೇಕು. ದೂರದ ಹಳ್ಳಿಯವರು ೧೯೬೨ ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶುಚಿಕಿತ್ಸೆಯ ಸಹಾಯ ಕೇಳಬಹುದು. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ನಮ್ಮ ಜಿಲ್ಲೆಯವರ ಭಾಗ್ಯ.

ಕೂದಲಿನೊಡನೆ ಬರುವ ಕಳೆ

ಈಗ ನನ್ನ ಶಾಸ್ತ್ರದ ಮಾತು. ಉತ್ತರಾಣಿಯ ಬೀಜ, ನೆಗ್ಗಿಲ ಮುಳ್ಳು, ಸೂಜಿಯಂಥ ಊಬಿರುವ ಹುಲ್ಲಿನ ಬೀಜಗಳು ನಾಯಿಯ ಕೂದಲಿಗೆ, ಪಾದಕ್ಕೆ ಅಂಟಿಕೊಂಡು ಬದುವಿನಿಂದ ಹೊಲಕ್ಕೆ, ಒಂದು ಹೊಲದಿಂದ ಇನ್ನೊಂದಕ್ಕೆ ಪಯಣಿಸುತ್ತವೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ೧೯೪೧ರಲ್ಲಿ ತನ್ನ ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳ ಕೊಕ್ಕೆಯ ಮಾದರಿಯಲ್ಲೇ ವೆಲ್ಕ್ರೋ ಪಟ್ಟಿಯನ್ನು ರೂಪಿಸಿದ. ಇಂದು ಮಕ್ಕಳ ಚಪ್ಪಲಿ, ಚೀಲಗಳಿಗೆ ಚರ್ರೆಂದು ಬಿಚ್ಚುವ ಪಟ್ಟಿ ಅದೇ. ನಮಗೆ ಬೇಕಾದ ಪಾಠ ಬೇರೆ. ಬಾಚಿದಾಗ ಸಿಕ್ಕ ಬೀಜಗಳನ್ನು ಅಂಗಳಕ್ಕೆ ಎಸೆಯದೆ ಒಲೆಗೆ ಹಾಕಿರಿ. ಊಬಿನ ಹುಲ್ಲಿನ ಬೀಜ ಬೆರಳ ಸಂದಿನಲ್ಲಿ, ಕಿವಿಯಲ್ಲಿ ಚುಚ್ಚಿಕೊಂಡರೆ ಮುಂದಕ್ಕೇ ಸರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಕೀವು ಕಟ್ಟುವ ಮುನ್ನ ಅದನ್ನು ತೆಗೆಯಬೇಕು.

ಬಾಚಿದ ಕೂದಲು

ಕೂದಲು ಕೆರಟಿನ್ ಎಂಬ ಸಸಾರಜನಕದಿಂದ ಆದದ್ದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದ ಆಸುಪಾಸು ಇದ್ದರೆ ಒಣ ಕೂದಲಿನಲ್ಲಿ ಅದು ಶೇಕಡಾ ೧೪ರಿಂದ ೧೬ರಷ್ಟು ಇರುತ್ತದೆ. ಗಂಧಕವೂ ಇದೆ. ಆದರೆ ಕೂದಲು ಬಹಳ ನಿಧಾನವಾಗಿ ಕೊಳೆಯುತ್ತದೆ, ಸಿಗುವ ಪ್ರಮಾಣವೂ ಹಿಡಿಯಷ್ಟೇ. ಹೊಲ ಹಸನಾಗುವಷ್ಟು ಲಾಭವೆಂದು ನಾನು ಹೇಳಲಾರೆ. ಆರೋಗ್ಯವಂತ ಪ್ರಾಣಿಯ ಕೂದಲನ್ನು ತಿಪ್ಪೆಗುಂಡಿಯ ಒಳಪದರದಲ್ಲಿ ಸೆಗಣಿಯೊಡನೆ ಸೇರಿಸಿದರೆ ವ್ಯರ್ಥವಾಗದು, ಅಷ್ಟೇ.

ಔಷಧಿ ಹಚ್ಚಿದ ಪ್ರಾಣಿಯ ಕೂದಲಿಗೆ ಈ ಮಾತು ಸಲ್ಲದು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ೨೦೨೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಕುಪ್ರಾಣಿಗಳ ಕೂದಲನ್ನು ಆರಿಸಿ ತಂದು ಹಕ್ಕಿಗಳು ಕಟ್ಟಿದ ಗೂಡುಗಳಲ್ಲಿ ಚಿಗಟ ಉಣ್ಣಿಗಳ ಔಷಧಿಯ ಅಂಶ ಕಂಡುಬಂದಿದೆ. ಅಂಥ ಕೂದಲನ್ನೂ, ಚರ್ಮರೋಗವಿದ್ದ ಪ್ರಾಣಿಯ ಕೂದಲನ್ನೂ ಆಳವಾಗಿ ಹೂಳಿರಿ.

ಬಾಚುವವರಿಗೆ ಎಚ್ಚರಿಕೆ

ಗುಂಡಾಗಿ ಕೂದಲು ಉದುರಿ ಚರ್ಮ ಬೋಳಾಗಿದ್ದರೆ ಹುಳುಕಡ್ಡಿ ಇರಬಹುದು. ಇದು ಬೆಕ್ಕು ನಾಯಿಗಳಿಂದ ಮಕ್ಕಳಿಗೆ ಹರಡುವ ರೋಗ, ಹಣಿಗೆಯ ಮೂಲಕವೂ ಹರಡುತ್ತದೆ. ತುರಿಕೆ, ಹೊಪ್ಪಳೆ ಇದ್ದರೆ ಕಜ್ಜಿ ಇರಬಹುದು. ಇಂಥಲ್ಲಿ ಬಾಚುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ನಾಯಿಯ ಕೂದಲಿಗೆ ಲಾಡಿಹುಳುವಿನ ಮೊಟ್ಟೆಗಳು ಅಂಟಿರುವ ಸಂಭವವೂ ಇದೆ. ಬಾಚಿದ ಮೇಲೆ ಸೋಪಿನಿಂದ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ದಮ್ಮು ಇರುವವರು ಈ ಕೆಲಸ ಮಾಡದಿರುವುದು ಒಳ್ಳೆಯದು. ದಮ್ಮನ್ನು ಕೆರಳಿಸುವ ಅಂಶ ಪ್ರಾಣಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿದ್ದು, ಅದು ಕೂದಲಿನೊಡನೆ ಹಾರಿ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹುಚ್ಚುನಾಯಿ ರೋಗ. ಮರಿಗೆ ಮೂರು ತಿಂಗಳಾದಾಗ ಚುಚ್ಚುಮದ್ದು ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ ಹಾಕಿಸುತ್ತಿರಬೇಕು. ಚುಚ್ಚುಮದ್ದಾಗದ ಬೀದಿನಾಯಿಯನ್ನು, ನಡೆವಳಿಕೆ ಬದಲಾದ ನಾಯಿಯನ್ನು ಬಾಚಲು ಹೋಗಬೇಡಿರಿ. ಕಚ್ಚಿದರೆ ಮಾತ್ರವಲ್ಲ, ಪರಚಿದರೂ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ೧೫ ನಿಮಿಷ ತೊಳೆದು ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸುಣ್ಣ, ಖಾರದಪುಡಿ ಮೆತ್ತುತ್ತ ಕಾಲ ಕಳೆಯಬಾರದು.

ನೆನಪಿಡಬೇಕಾದ ಅಂಶಗಳು

೧. ಗಿಡ್ಡ ಕೂದಲಿಗೆ ವಾರಕ್ಕೊಮ್ಮೆ, ಉದ್ದ ಕೂದಲಿಗೆ ದಿನ ಬಿಟ್ಟು ದಿನ ಬಾಚಿರಿ. ಮಳೆಗಾಲದಲ್ಲಿ ಉಣ್ಣಿಗಾಗಿ ದಿನವೂ ಕೈಯಾಡಿಸಿರಿ.

೨. ಕೂದಲು ಒರಗಿದ ದಿಕ್ಕಿನಲ್ಲಿ, ಹೊರಗೆ, ಒಣ ಮೈಯಲ್ಲಿ ಬಾಚಿರಿ.

೩. ಉಣ್ಣಿಯನ್ನು ಚಿಮುಟದಿಂದ ಕಿತ್ತು ಸೋಪಿನ ನೀರಿಗೆ ಹಾಕಿರಿ. ಮಲಗುವ ಜಾಗವನ್ನೂ ಚೊಕ್ಕಟಗೊಳಿಸಿರಿ.

೪. ಬೆಳೆಯ ಕೀಟನಾಶಕವನ್ನು ಯಾವ ಪ್ರಾಣಿಯ ಮೈಗೂ ಹಚ್ಚಬೇಡಿರಿ. ಎತ್ತು, ಆಕಳು, ಆಡುಗಳಿಗೂ ಈ ಮಾತು ಅನ್ವಯಿಸುತ್ತದೆ.

೫. ನಾಯಿಯ ಔಷಧಿ ಬೆಕ್ಕಿಗೆ ಬೇಡ.

೬. ಬಾಚಿದ ಮೇಲೆ ಹಣಿಗೆಯನ್ನೂ ಕೈಯನ್ನೂ ತೊಳೆಯಿರಿ.

ಮೊನ್ನೆ ಎಳ್ಳ ಅಮಾವಾಸ್ಯೆಗೆ ಆ ರೈತರು ಹೊಲಕ್ಕೆ ಕರೆದಿದ್ದರು. ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು, ಕೊಟ್ಟಿಗೆಯ ಕಡೆ ಬಂದೆವು. ಎತ್ತಿನ ಮೈ ತಿಕ್ಕುವ ನಾರು ತೂಗುಹಾಕಿದ್ದ ಗೂಟಕ್ಕೆ ಹಳೆಯ ಹಣಿಗೆಯೊಂದನ್ನೂ ಸಿಕ್ಕಿಸಿದ್ದರು. ಕೆಳಗೆ ಕೆಂದು ಬಣ್ಣದ ಎಳೆಯ ನಾಯಿಯೊಂದು ಮಲಗಿತ್ತು.

"ಹ್ವಾದ ವಾರ ಬಾಚೋವಾಗ ಬೆರಳ ಸಂದ್ಯಾಗ ಮುಳ್ಳು ಸಿಕ್ತು ನೋಡ್ರಿ ಸಾಹೇಬ್ರ. ಇಲ್ಲಾಂದ್ರ ಕುಂಟೋತನ ನಮಗ ಗೊತ್ತೇ ಆಗ್ತಿದ್ದಿಲ್ಲ" ಎಂದರು ಅವರು.

ರೈತ ಬಾಂಧವರು ಈ ತೊಗರಿ ಸುಗ್ಗಿ ಮುಗಿದ ಮೇಲೆ ಉಳಿದ ಎಣ್ಣೆಯ ಡಬ್ಬಿಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಲಿ, ಹಣಿಗೆಯನ್ನು ಮಾತ್ರ ಕೈಗೆ ಸಿಗುವ ಗೂಟಕ್ಕೆ ಹಾಕಲಿ.